ಅಸಲು ಕಳೆದ ನಕಲು

ಒಂದು ಮತದ ಕಥೆಯನ್ನು ಆ ಮತವನ್ನು ಬಿಟ್ಟವರ ಬಾಯಿಂದಲೇ ಕೇಳಬೇಕಾಗಿ ಬಂದರೆ ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು? ನಂಬಲಾಗದೆಂದು ತಳ್ಳಿಹಾಕಿದರೆ ಕೈಯಲ್ಲಿ ಏನೂ ಉಳಿಯದು. ನಂಬಿದೆವೆಂದರೆ ಬರೆದವನು ಬಳಿದ ಬಣ್ಣವನ್ನೂ ಸೇರಿಸಿ ನಂಬಿದಂತಾಗುವುದು.

ಕಛೇರಿಯಲ್ಲಿ ಇಪ್ಪತ್ತು ವರ್ಷಗಳನ್ನು ಕಡತಗಳ ನಡುವೆ ಕಳೆದ ನಮಗೆ ‘ಅಸಲು’, ‘ನಕಲು’ ಎಂಬ ಮಾತುಗಳು ನಿತ್ಯದವು. ನಕಲಿನ ಕೆಳಗೆ ಅಧಿಕಾರಿಯೊಬ್ಬರು ರುಜು ಹಾಕಿ ಮೊಹರು ಒತ್ತಿದರೆ ಅದು ಅಸಲಿನಷ್ಟೇ ಪ್ರಮಾಣ. ಆದರೆ ಅಸಲು ಗೆದ್ದಲು ಹಿಡಿದು ಹೋಗಿ, ಉಳಿದ ಒಂದೇ ನಕಲನ್ನು ಬರೆದವನು ಎದುರು ಪಕ್ಷದವನಾಗಿದ್ದರೆ ಏನು ಮಾಡಬೇಕು? ನಮ್ಮ ಕಛೇರಿಯ ಯಾವ ನಿಯಮಾವಳಿಯಲ್ಲೂ ಇದಕ್ಕೆ ಉತ್ತರವಿಲ್ಲ.

ಈ ಪ್ರಶ್ನೆ ನಮ್ಮ ತಲೆಗೆ ಹತ್ತಿದ್ದು ಮಗಳ ದೆಸೆಯಿಂದ. ಸಿನಿಮಾ ನೋಡಿ ಬಂದ ಅವಳಿಗೆ ಸುತ್ತಿಗೆ ಹಿಡಿದ ಥಾರ್ ದೇವರ ನಿಜವಾದ ಕಥೆ ಬೇಕಾಯಿತು. ಪುಸ್ತಕ ತಂದು ಇಬ್ಬರೂ ಓದತೊಡಗಿದೆವು. ಕೆಲವು ದಿನಗಳಾದ ಮೇಲೆ ಅವಳೇ ಕೇಳಿದಳು: “ಅಪ್ಪಾ, ಇದನ್ನೆಲ್ಲ ಬರೆದವರು ಆ ದೇವರುಗಳನ್ನು ನಂಬುತ್ತಲೇ ಇರಲಿಲ್ಲವಂತಲ್ಲ! ಹಾಗಾದರೆ ಇದು ಯಾರ ಕಥೆ?”

ಅವಳ ಮಾತು ನಿಜ. ನಾರ್ವೆ, ಡೆನ್ಮಾರ್ಕ್, ಸ್ವೀಡನ್, ಐಸ್‌ಲೆಂಡ್ ದೇಶಗಳ ಜನ ಸಾವಿರ ವರ್ಷಗಳ ಹಿಂದೆ ಓಡಿನ್, ಥಾರ್, ಫ್ರೇಯ ಮುಂತಾದ ದೇವತೆಗಳನ್ನು ಪೂಜಿಸುತ್ತಿದ್ದರು. ಕಲ್ಲಿನಲ್ಲಿ ಕೊರೆದ ರೂನ್ ಲಿಪಿಯ ಚಿಕ್ಕ ಚಿಕ್ಕ ಬರಹಗಳುಂಟೇ ಹೊರತು ಅವರು ತಮ್ಮ ಪುರಾಣಗಳನ್ನು ಗ್ರಂಥವಾಗಿ ಬರೆದಿಡಲಿಲ್ಲ. ಗ್ರಂಥ ಬರೆಯುವ ವಿದ್ಯೆ ಅಲ್ಲಿಗೆ ಬಂದದ್ದು ಕ್ರೈಸ್ತ ಮತದೊಡನೆ. ಬರೆಯಲು ಕಲಿತವರು ಬರೆದರು. ಆದರೆ ಅಷ್ಟರಲ್ಲಿ ಅವರು ಕ್ರೈಸ್ತರಾಗಿದ್ದರು.

ಐಸ್‌ಲೆಂಡ್ ಕ್ರೈಸ್ತ ದೇಶವಾದ ಬಗೆ ಮನನ ಮಾಡತಕ್ಕದ್ದು. ಕ್ರಿ.ಶ. 1000ದ ಸುಮಾರಿಗೆ—999 ಎನ್ನುವವರೂ ಉಂಟು—ಅಲ್ಲಿಯ ಜನ ಎರಡು ಪಕ್ಷವಾಗಿ ಒಡೆದು, ಆಲ್ಥಿಂಗ್ ಎಂಬ ಮಹಾಸಭೆಯಲ್ಲಿ ಕತ್ತಿ ಹಿರಿಯುವ ಹಂತಕ್ಕೆ ಬಂದರು. ತೀರ್ಪನ್ನು ಥೋರ್ಗೈರ್ ಎಂಬ ಧರ್ಮಾಧಿಕಾರಿಗೆ ಬಿಡಲಾಯಿತು. ಆತ ಹಳೆಯ ಮತದವನೇ. ಒಂದು ಹಗಲು, ಒಂದು ಇರುಳು ಕಂಬಳಿ ಹೊದ್ದು ಮಾತಿಲ್ಲದೆ ಮಲಗಿದ್ದು, ಮರುದಿನ ಎದ್ದು ತೀರ್ಪು ಹೇಳಿದ: ದೇಶಕ್ಕೆ ಒಂದೇ ಕಾನೂನು ಇರಬೇಕು, ಕಾನೂನು ಹರಿದರೆ ಶಾಂತಿಯೂ ಹರಿಯುತ್ತದೆ, ಆದುದರಿಂದ ಎಲ್ಲರೂ ದೀಕ್ಷಾಸ್ನಾನ ಪಡೆಯತಕ್ಕದ್ದು. ಕುದುರೆ ಮಾಂಸ ತಿನ್ನಲು ಮತ್ತು ಮನೆಯೊಳಗೆ ಗುಟ್ಟಾಗಿ ಹಳೆಯ ದೇವರಿಗೆ ಬಲಿ ಕೊಡಲು ಅಡ್ಡಿಯಿಲ್ಲವೆಂದು ಒಂದು ರಿಯಾಯಿತಿಯೂ ಇತ್ತು. ಕೆಲವೇ ವರ್ಷಗಳಲ್ಲಿ ಅದನ್ನು ತೆಗೆದುಹಾಕಿದರು. ಈ ವೃತ್ತಾಂತವನ್ನು ನೂರಿಪ್ಪತ್ತು ವರ್ಷಗಳ ಮೇಲೆ ಬರೆದಿಟ್ಟವನು ಆರಿ ಥೋರ್ಗಿಲ್ಸನ್ ಎಂಬ ಪಾದ್ರಿ. ಪಾದ್ರಿಯ ತಂದೆಯ ಹೆಸರಿನಲ್ಲೇ ಥಾರ್ ದೇವರು ಕುಳಿತಿದ್ದಾನೆ! ಜನ ದೇವರನ್ನು ಬಿಟ್ಟರು, ಹೆಸರನ್ನು ಬಿಡಲಿಲ್ಲ.

ಇನ್ನು ಪುರಾಣಗಳನ್ನು ಬರೆದವನು ಸ್ನೋರಿ ಸ್ಟರ್ಲುಸನ್ (1179–1241). ಪಾಳೆಯಗಾರ, ಕವಿ, ಎರಡು ಬಾರಿ ಆಲ್ಥಿಂಗ್ ಸಭೆಯ ಧರ್ಮಾಧಿಕಾರಿ. ಕೊನೆಗೆ ರಾಜಕೀಯದ ಜಗಳದಲ್ಲಿ ತನ್ನ ಮನೆಯಲ್ಲೇ ಕೊಲೆಯಾದವನು. ಸುಮಾರು 1220ರಲ್ಲಿ ‘ಎಡ್ಡ’ ಎಂಬ ಗ್ರಂಥವನ್ನು ರಚಿಸಿದ. ಹಳೆಯ ಮತವನ್ನು ಎಬ್ಬಿಸುವುದು ಅವನ ಉದ್ದೇಶವಾಗಿರಲಿಲ್ಲ. ಆ ನಾಡಿನ ಕಾವ್ಯದಲ್ಲಿ ಚಿನ್ನವನ್ನು ಚಿನ್ನವೆಂದು ಹೇಳುವುದಿಲ್ಲ; ‘ಫ್ರೇಯಳ ಕಣ್ಣೀರು’, ‘ಸಿಫ್ ದೇವಿಯ ಕೂದಲು’ ಎನ್ನುತ್ತಾರೆ. ಕಥೆ ತಿಳಿಯದವನಿಗೆ ಪದ್ಯ ತಿಳಿಯದು. ಹೊಸ ತಲೆಮಾರಿನ ಕವಿಗಳು ಕಥೆಗಳನ್ನು ಮರೆಯುತ್ತಿದ್ದಾರೆ, ಅದರೊಂದಿಗೆ ಕಾವ್ಯವೇ ಹೋದೀತು ಎಂಬ ಚಿಂತೆಯಿಂದ ಅವನು ಬರೆದ. ಈ ಕಥೆಗಳನ್ನು ಕಲಿಯಿರಿ, ಆದರೆ ಕ್ರೈಸ್ತರಾದವರು ಈ ದೇವರುಗಳನ್ನು ನಂಬತಕ್ಕದ್ದಲ್ಲ ಎಂದು ಎಚ್ಚರಿಕೆಯನ್ನೂ ಸೇರಿಸಿದ.

ಗ್ರಂಥದ ಪೀಠಿಕೆ ಬೈಬಲ್ಲಿನ ಸೃಷ್ಟಿಯಿಂದ, ಜಲಪ್ರಳಯದಿಂದ ಮೊದಲಾಗುತ್ತದೆ. ಓಡಿನ್ ಮುಂತಾದವರು ಟ್ರಾಯ್ ನಗರದ ರಾಜವಂಶದವರು, ಏಷ್ಯಾದಿಂದ ಉತ್ತರಕ್ಕೆ ಬಂದ ಜಾಣ ಮನುಷ್ಯರು, ಮರುಳಾದ ಜನ ಅವರನ್ನು ದೇವರೆಂದರು ಎಂಬ ವಿವರಣೆ ಅಲ್ಲಿದೆ. ಇಂಥ ಕಡೆ ಬಣ್ಣ ಎಲ್ಲಿ ಬಿದ್ದಿದೆಯೆಂದು ಯಾರಿಗೂ ಕಾಣುತ್ತದೆ.

ಎಲ್ಲ ಕಡೆಯೂ ಅಷ್ಟು ಸುಲಭವಲ್ಲ. ಬಾಲ್ಡರ್ ದೇವರ ಕಥೆ ನೋಡಿ. ಸ್ನೋರಿ ಹೇಳುವ ಬಾಲ್ಡರ್ ಸೌಮ್ಯ, ಕಾಂತಿಯುಕ್ತ, ನಿರಪರಾಧಿ. ಲೋಕಿಯ ಕಪಟದಿಂದ ಕುರುಡ ಸೋದರ ಎಸೆದ ಬಂದಳಿಕೆ ಗಿಡದ ಕಡ್ಡಿ ತಗಲಿ ಸಾಯುತ್ತಾನೆ, ಲೋಕವೆಲ್ಲ ಅಳುತ್ತದೆ, ಜಗತ್ತು ನಾಶವಾಗಿ ಮರಳಿ ಹುಟ್ಟಿದಾಗ ಅವನೂ ಮರಳಿ ಬರುತ್ತಾನೆ. ಏಸುವಿನ ನೆನಪಾಗದೆ ಇರದು. ಆದರೆ ಸ್ನೋರಿಗಿಂತ ತುಸು ಹಿಂದೆ ಡೆನ್ಮಾರ್ಕಿನ ಸ್ಯಾಕ್ಸೊ ಎಂಬಾತ ಲ್ಯಾಟಿನ್ನಿನಲ್ಲಿ ಬರೆದ ಚರಿತ್ರೆಯಲ್ಲಿ ಇದೇ ಬಾಲ್ಡರ್ ಒಬ್ಬ ಹೆಣ್ಣಿಗಾಗಿ ಕಾದಾಡುವ ಯೋಧ, ಸಾಯುವುದು ಕತ್ತಿಯೇಟಿಗೆ. ಯಾವುದು ಹಳೆಯದು? ಹಾಗೆಂದು ಸ್ನೋರಿಯೇ ಎಲ್ಲವನ್ನೂ ಕಟ್ಟಿದನೆನ್ನಲೂ ಆಗದು; ಬಂದಳಿಕೆಯ ಮಾತು ಅವನಿಗಿಂತ ಹಳೆಯದೆಂದು ಪಂಡಿತರು ಎಣಿಸುವ ಹಾಡಿನಲ್ಲೂ ಉಂಟು.

ಓಡಿನ್ ಒಂಬತ್ತು ಇರುಳು ಮರಕ್ಕೆ ನೇತುಬಿದ್ದು, ಭರ್ಜಿಯ ಗಾಯ ಹೊತ್ತು, ತನ್ನನ್ನು ತನಗೇ ಅರ್ಪಿಸಿಕೊಂಡು ರೂನ್ ವಿದ್ಯೆಯನ್ನು ಪಡೆದನೆಂದು ಇನ್ನೊಂದು ಹಾಡು ಹೇಳುತ್ತದೆ. ನಾರ್ವೆಯ ಪಂಡಿತ ಸೋಫಸ್ ಬುಗ್ಗೆ 1880ರ ದಶಕದಲ್ಲಿ, ಇದು ಶಿಲುಬೆಯ ಕಥೆಯ ನೆರಳೆಂದು ವಾದಿಸಿದ. ಅಲ್ಲ, ಮರಕ್ಕೆ ನೇತುಹಾಕಿ ಬಲಿ ಕೊಡುವುದು ಓಡಿನ್ ಪೂಜೆಯ ಹಳೆಯ ಪದ್ಧತಿಯೇ ಎಂದು ಇತರರು ಹೇಳಿದರು. ಇದಕ್ಕೆ ಅವರು ಕೊಡುವ ಸಾಕ್ಷಿಗಳಲ್ಲಿ ಒಂದು ಸ್ವೀಡನ್ನಿನ ಉಪ್ಸಾಲಾ ದೇವಾಲಯದ ವರ್ಣನೆ. ಅದನ್ನು 1070ರ ದಶಕದಲ್ಲಿ ಬರೆದವನು ಬ್ರೆಮೆನ್ನಿನ ಆಡಮ್. ಅವನೂ ಕ್ರೈಸ್ತ ಪಾದ್ರಿ, ಕಂಡವರಿಂದ ಕೇಳಿ ಬರೆದವನು. ಸಾಕ್ಷಿಯನ್ನು ಹುಡುಕುತ್ತ ಹೋದರೆ ಮತ್ತೆ ಅದೇ ಬಾಗಿಲಿಗೆ ಬಂದು ನಿಲ್ಲುತ್ತೇವೆ.

ಬಿ.ಎಸ್ಸಿ. ಓದುವಾಗ ಪ್ರಯೋಗಶಾಲೆಯಲ್ಲಿ ಕಬ್ಬಿಣದ ಪುಡಿಯನ್ನೂ ಗಂಧಕವನ್ನೂ ಬೆರೆಸಿ ತೋರಿಸುತ್ತಿದ್ದರು. ಬರಿಯ ಮಿಶ್ರಣವಾಗಿರುವಾಗ ಅಯಸ್ಕಾಂತ ಹಿಡಿದರೆ ಕಬ್ಬಿಣ ಬೇರೆಯಾಗುತ್ತದೆ. ಕಾಯಿಸಿದ ಮೇಲೆ ಅದು ಸಂಯುಕ್ತ. ಅಯಸ್ಕಾಂತದ ಆಟ ನಡೆಯದು. ಸ್ನೋರಿಯ ಪೀಠಿಕೆ ಮಿಶ್ರಣ. ಬಾಲ್ಡರನ ಕಥೆ ಸಂಯುಕ್ತವೆಂದು ನಮಗೆ ತೋರುತ್ತದೆ. ಇನ್ನೂರು ಮುನ್ನೂರು ವರ್ಷ ಎರಡು ಮತಗಳೂ ಒಂದೇ ಊರಿನಲ್ಲಿ, ಒಂದೇ ಮನೆಯಲ್ಲಿ ಬೆಂದಿದ್ದವು.

ಬೆಂದದ್ದಕ್ಕೆ ಸಾಕ್ಷಿ ಕಲ್ಲಿನಲ್ಲೇ ಉಂಟು. ಡೆನ್ಮಾರ್ಕಿನ ಟ್ರೆಂಡ್‌ಗೋರ್ಡನ್ ಎಂಬಲ್ಲಿ ಹತ್ತನೆಯ ಶತಮಾನದ ಬಳಪದ ಕಲ್ಲಿನ ಅಚ್ಚೊಂದು ಸಿಕ್ಕಿದೆ. ಒಂದೇ ಕಲ್ಲಿನಲ್ಲಿ ಶಿಲುಬೆಯನ್ನೂ ಎರಕ ಹೊಯ್ಯಬಹುದು, ಥಾರನ ಸುತ್ತಿಗೆಯನ್ನೂ ಎರಕ ಹೊಯ್ಯಬಹುದು. ಆ ಅಕ್ಕಸಾಲಿಗೆ ಎರಡು ಬಗೆಯ ಗಿರಾಕಿಗಳೂ ಇದ್ದರು. ಐಸ್‌ಲೆಂಡಿನ ಮೊದಲ ನೆಲಸಿಗರಲ್ಲಿ ಒಬ್ಬನಾದ ಬಡಕಲು ಹೆಲ್ಗಿ ಕ್ರಿಸ್ತನನ್ನು ನಂಬುತ್ತಿದ್ದ, ತನ್ನ ಹೊಲಮನೆಗೆ ಕ್ರಿಸ್ತನ ಹೆಸರನ್ನೇ ಇಟ್ಟ. ಆದರೆ ಕಡಲ ಪಯಣಕ್ಕೆ ಹೊರಟಾಗ ಮೊರೆಯಿಡುತ್ತಿದ್ದುದು ಥಾರನಿಗೆ.

ನಾರ್ವೆಯ ದೊರೆ ಹೋಕನನ ಕಥೆ ಇನ್ನೂ ಸ್ವಾರಸ್ಯವಾದದ್ದು. ಇಂಗ್ಲೆಂಡಿನಲ್ಲಿ ಕ್ರೈಸ್ತನಾಗಿ ಬೆಳೆದು, ಹಳೆಯ ಮತದ ಪ್ರಜೆಗಳನ್ನು ಆಳಲು ಬಂದವನು. ಬಲಿಯ ಔತಣದಲ್ಲಿ ಪಾನಪಾತ್ರೆ ಕೈಗೆ ಬಂದಾಗ ಅದರ ಮೇಲೆ ಶಿಲುಬೆಯ ಗುರುತು ಮಾಡಿದ. ಪ್ರಜೆಗಳು ಗೊಣಗಿದರು. ಪಕ್ಕದಲ್ಲಿದ್ದ ಸಿಗುರ್ಡ್ ಎಂಬ ಸರದಾರ, ದೊರೆ ಮಾಡಿದ್ದು ಥಾರನ ಸುತ್ತಿಗೆಯ ಗುರುತು ಎಂದು ಸಮಾಧಾನ ಹೇಳಿದ. ಕೈಯಾಡಿಸಿದ್ದು ಒಂದೇ ಬಾರಿ. ನೋಡಿದವರಿಗೆ ಎರಡು ಅರ್ಥ. ಇದನ್ನು ಬರೆದವನೂ ಸ್ನೋರಿಯೇ. ಇಂದು ಅಮೆರಿಕ, ಇಂಗ್ಲೆಂಡುಗಳಲ್ಲಿ ಹಳೆಯ ಮತವನ್ನು ಮತ್ತೆ ಎತ್ತಿ ಹಿಡಿದ ಕೆಲವು ಗುಂಪುಗಳು ಪೂಜೆಯ ಮೊದಲಿಗೆ ಗಾಳಿಯಲ್ಲಿ ಸುತ್ತಿಗೆಯ ಗುರುತು ಮಾಡುತ್ತಾರೆ!

ಎತ್ತಿ ಹಿಡಿದವರ ವಿಷಯಕ್ಕೆ ಬರೋಣ. ಐಸ್‌ಲೆಂಡಿನಲ್ಲಿ 1972ರಲ್ಲಿ ಸ್ವೇನ್‌ಬ್ಯೋರ್ನ್ ಬೇಂಟೇನ್ಸನ್ ಎಂಬ ಕುರಿ ಸಾಕುವ ರೈತಕವಿಯ ಮುಂದಾಳುತನದಲ್ಲಿ ಕೆಲವೇ ಜನ ಸೇರಿ ಒಂದು ಸಂಘ ಕಟ್ಟಿದರು. ಬಿಷಪ್ಪರ ವಿರೋಧವಿದ್ದರೂ 1973ರಲ್ಲಿ ಸರಕಾರದ ಮಾನ್ಯತೆ ದೊರೆಯಿತು. ಇತ್ತೀಚಿನ ವರ್ಷಗಳಲ್ಲಿ ಸದಸ್ಯರ ಸಂಖ್ಯೆ 5,000 ದಾಟಿದೆ. ಇಡೀ ದ್ವೀಪದ ಜನಸಂಖ್ಯೆಯೇ 4 ಲಕ್ಷದ ಒಳಗೆ ಎಂಬುದನ್ನು ನೆನೆದರೆ ಇದು ಸಣ್ಣ ಸಂಖ್ಯೆಯಲ್ಲ. ಅವರು ಪ್ರಾಣಿಬಲಿ ಕೊಡುವುದಿಲ್ಲ. ಋತುಗಳ ಸಂಧಿಯಲ್ಲಿ ಸೇರಿ, ಎಡ್ಡದ ಪದ್ಯಗಳನ್ನು ಹೇಳಿ, ಪಾನಪಾತ್ರೆ ಎತ್ತಿ, ಜೊತೆಗೂಡಿ ಉಣ್ಣುತ್ತಾರೆ. ನಾಮಕರಣ, ಮದುವೆ, ಶವಸಂಸ್ಕಾರಗಳನ್ನೂ ನಡೆಸಿಕೊಡುತ್ತಾರೆ. ಹಳೆಯ ಕಥೆಗಳನ್ನು ಅಕ್ಷರಶಃ ನಂಬಬೇಕಿಲ್ಲ, ಅವು ಕಾವ್ಯದ ಮೂಲಕ ಹೇಳಿದ ಸತ್ಯ ಎಂಬುದು ಈಗಿನ ಮುಖ್ಯಸ್ಥರಾದ ಸಂಗೀತಗಾರ ಹಿಲ್ಮರ್ ಓರ್ನ್ ಹಿಲ್ಮರ್ಸನ್ ಅವರ ನಿಲುವು.

ಟೀಕಾಕಾರರು ಇಲ್ಲಿ ಸುಮ್ಮನಿರುವುದಿಲ್ಲ. ನೀವು ಹೇಳುವ ಪದ್ಯ ಕ್ರೈಸ್ತ ಲಿಪಿಕಾರನ ಕೈಬರಹದ್ದು; ಸದಸ್ಯತ್ವ, ಪುರೋಹಿತ, ಮದುವೆಯ ನೋಂದಣಿ ಎಲ್ಲವೂ ಚರ್ಚಿನ ಅಚ್ಚಿನವು; ನಿಮ್ಮಲ್ಲಿ ಹಳೆಯದೇನಿದೆ ಎಂದು ಕೇಳುತ್ತಾರೆ. ಇಂಗ್ಲೆಂಡಿನ ಒಂದು ಗುಂಪು 1970ರ ದಶಕದಲ್ಲಿ ಒಂಬತ್ತು ಸದ್ಗುಣಗಳ ಪಟ್ಟಿ ಮಾಡಿತು. ಗುಣಗಳು ಹಳೆಯ ಹಾಡುಗಳಿಂದ ಆಯ್ದವು. ಆದರೆ ಧರ್ಮವನ್ನು ಎಣಿಸಿ ಪಟ್ಟಿ ಮಾಡಬೇಕೆಂಬ ಬುದ್ಧಿ ಬೈಬಲ್ಲಿನ ಹತ್ತು ಕಟ್ಟಳೆಗಳನ್ನು ಕೇಳಿ ಬೆಳೆದವರದು.

ಟೀಕೆಯಲ್ಲಿ ತಥ್ಯವಿದೆ. ಆದರೂ ಅದು ಹಿಡಿದ ಅಳತೆಗೋಲನ್ನೇ ನಾವು ತುಸು ಪರೀಕ್ಷಿಸಬೇಕು. ಹಳೆಯ ನಾರ್ಸ್ ಜನರಿಗೆ ತಮ್ಮ ಮತಕ್ಕೊಂದು ಪ್ರತ್ಯೇಕ ಹೆಸರೇ ಇರಲಿಲ್ಲ. ‘ಸಿದ್ರ್’ ಎನ್ನುತ್ತಿದ್ದರು, ಎಂದರೆ ವಾಡಿಕೆ, ನಡೆದುಬಂದದ್ದು. ಕ್ರೈಸ್ತ ಮತ ಬಂದಾಗ ಅದನ್ನು ಹೊಸ ವಾಡಿಕೆ ಎಂದರು, ತಮ್ಮದನ್ನು ಹಳೆಯ ವಾಡಿಕೆ ಎಂದರು. ಹೆಲ್ಗಿಗೆ ಕ್ರಿಸ್ತನೂ ಬೇಕು, ಥಾರನೂ ಬೇಕು. ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಬೇಕು, ನಿಜವಾದ ಮತಕ್ಕೆ ಒಂದು ಗ್ರಂಥವಿರಬೇಕು, ಅದರಲ್ಲಿ ಹೊರಗಿನದು ಒಂದು ಹನಿಯೂ ಬೀಳಬಾರದು ಎಂಬ ಅಪೇಕ್ಷೆ ಅವರದಾಗಿರಲಿಲ್ಲ. ಅದು ಹೊಸ ಮತದೊಡನೆ ಬಂದದ್ದು. ಹಾಗಿರುವಾಗ ‘ಕ್ರೈಸ್ತ ಪ್ರಭಾವವನ್ನು ಪೂರ್ತಿ ತೊಳೆದು ಶುದ್ಧ ನಾರ್ಸ್ ಧರ್ಮವನ್ನು ಹೊರತೆಗೆಯುತ್ತೇವೆ’ ಎಂದು ಹೊರಟವರು ಆ ಶುದ್ಧಿಯ ಹಂಬಲದಲ್ಲೇ ಎಲ್ಲರಿಗಿಂತ ಹೆಚ್ಚು ಪ್ರಭಾವಿತರಲ್ಲವೆ?

ನಮ್ಮ ವಾರದ ಹೆಸರುಗಳನ್ನೇ ನೋಡಬಹುದು. ರೋಮನರು ಗ್ರಹಗಳ ಹೆಸರಿನಿಂದ ಕರೆದ ವಾರ ಪೂರ್ವಕ್ಕೂ ಉತ್ತರಕ್ಕೂ ಹಬ್ಬಿತು. ಗುರುಗ್ರಹದ ದಿನ ನಮಗೆ ಗುರುವಾರ. ಉತ್ತರದ ಜನ ಅದೇ ದಿನಕ್ಕೆ ಥಾರನ ಹೆಸರಿಟ್ಟರು. ಇಂಗ್ಲಿಷಿನಲ್ಲಿ ಥರ್ಸ್‌ಡೇ ಎನ್ನುವಾಗ ಇಂದಿಗೂ ಥಾರನ ಹೆಸರೇ ಬಾಯಲ್ಲಿ ಬರುತ್ತದೆ. ಕಥೆಗಳನ್ನೆಲ್ಲ ಉಳಿಸಿದ ಐಸ್‌ಲೆಂಡಿನಲ್ಲಿ ಮಾತ್ರ ಹನ್ನೆರಡನೆಯ ಶತಮಾನದಲ್ಲಿ ಬಿಷಪ್ ಯೋನ್ ಈ ಹೆಸರುಗಳನ್ನು ತೆಗೆಸಿದನೆಂದು ಪ್ರತೀತಿ. ಅಲ್ಲಿ ಗುರುವಾರ ಬರಿಯ ‘ಐದನೆಯ ದಿನ’. ಒಂದು ಕಡೆ ದೇವರು ಹೋಗಿ ಹೆಸರು ಉಳಿಯಿತು, ಇನ್ನೊಂದು ಕಡೆ ಹೆಸರು ಹೋಗಿ ಕಥೆ ಉಳಿಯಿತು. ಶುದ್ಧವಾಗಿ ಎಲ್ಲಿಯೂ ಉಳಿಯಲಿಲ್ಲ.

ಶುದ್ಧಿಯ ಮಾತು ಪುಸ್ತಕದಿಂದ ರಕ್ತಕ್ಕೆ ಇಳಿದಾಗ ಅನಾಹುತವಾಗುತ್ತದೆ. ಹಿಟ್ಲರನ ಎಸ್.ಎಸ್. ಪಡೆ ರೂನ್ ಅಕ್ಷರಗಳನ್ನು ತನ್ನ ಲಾಂಛನ ಮಾಡಿಕೊಂಡಿತ್ತು. ಇಂದಿಗೂ ಅಮೆರಿಕದಲ್ಲಿ, ಬಿಳಿಯರಿಗಲ್ಲದೆ ಈ ದೇವರುಗಳು ಬೇರೆಯವರಿಗಲ್ಲ ಎನ್ನುವ ಗುಂಪುಗಳುಂಟು. ಇವರನ್ನು ಅದೇ ಮತದ ಇತರರು ಬಲವಾಗಿ ವಿರೋಧಿಸುತ್ತಾರೆ; 2016ರಲ್ಲಿ ಹಲವು ಸಂಘಗಳು ಕೂಡಿ, ‘ಹಾವಮಾಲ್’ ಎಂಬ ಹಳೆಯ ಹಾಡಿನ 127ನೆಯ ಪದ್ಯವನ್ನು ಆಧಾರವಾಗಿಟ್ಟುಕೊಂಡು, ಅಂಥ ಗುಂಪಿನೊಡನೆ ತಮಗೆ ಸಂಬಂಧವಿಲ್ಲವೆಂದು ಸಾರಿದವು. ಕೆಡುಕನ್ನು ಕಂಡರೆ ಕೆಡುಕೆಂದೇ ಹೇಳಬೇಕು ಎಂಬುದು ಆ ಪದ್ಯದ ತಾತ್ಪರ್ಯ.

ಆ ಪದ್ಯ ನಮಗೆ ಸಿಕ್ಕಿರುವುದು ಒಂದು ಹಳೆಯ ಹಸ್ತಪ್ರತಿಯಿಂದ. 1270ರ ಸುಮಾರಿಗೆ ಹೆಸರು ತಿಳಿಯದ ಕ್ರೈಸ್ತ ಲಿಪಿಕಾರನೊಬ್ಬ ಚರ್ಮದ ಹಾಳೆಗಳ ಮೇಲೆ ಬರೆದದ್ದು. ಉಳಿದಿರುವುದು 45 ಹಾಳೆ. ಅದು 1643ರಲ್ಲಿ ಬಿಷಪ್ ಬ್ರಿನ್ಯೋಲ್ವರ್ ಎಂಬಾತನ ಕೈಗೆ ಬಂತು. 1662ರಲ್ಲಿ ಡೆನ್ಮಾರ್ಕಿನ ದೊರೆಗೆ ಕಾಣಿಕೆಯಾಗಿ ಹೋಯಿತು. 1971ರಲ್ಲಿ ಹಡಗಿನಲ್ಲಿ ಮರಳಿ ಬಂದಾಗ ಐಸ್‌ಲೆಂಡಿನ ಜನ ಬಂದರಿನಲ್ಲಿ ಕಿಕ್ಕಿರಿದು ನಿಂತು ಬರಮಾಡಿಕೊಂಡರು. ಮರುವರ್ಷವೇ ಹಳೆಯ ಮತದ ಸಂಘ ಹುಟ್ಟಿತು. ಬಿಷಪ್ಪ ಕಾಪಾಡಿದ ಪುಸ್ತಕವನ್ನು ಬಿಷಪ್ಪರು ವಿರೋಧಿಸಿದ ಸಂಘ ಓದುತ್ತದೆ!

ಇಷ್ಟಾದರೂ ಕಾಪಾಡಿದವರ ಉಪಕಾರವನ್ನು ಹೊಗಳಿ ಮಾತು ಮುಗಿಸುವುದು ನ್ಯಾಯವಾಗದು. ಅವರು ಉಳಿಸಿದ್ದು ತಮಗೆ ಬೇಕಾದದ್ದನ್ನು. ಸ್ನೋರಿಗೆ ಬೇಕಾದದ್ದು ಅರಮನೆಯ ಕಾವ್ಯ; ಆದುದರಿಂದ ಕವಿಗಳ ದೇವರಾದ ಓಡಿನ್ ಅಲ್ಲಿ ಎಲ್ಲೆಲ್ಲೂ ಇದ್ದಾನೆ. ಆದರೆ ಜನ ತಮ್ಮ ಮಕ್ಕಳಿಗೆ ಇಟ್ಟ ಹೆಸರು ನೋಡಿದರೆ ಥಾರನದೇ ಮೇಲುಗೈ. ರೈತನ ಹೆಂಡತಿ ಹೆರಿಗೆಯ ಹೊತ್ತಿನಲ್ಲಿ ಯಾರನ್ನು ನೆನೆದಳು, ಬಿತ್ತನೆಯ ದಿನ ಏನು ಹಾಡಿದಳು ಎಂಬುದನ್ನು ಬರೆದಿಡಲು ಯಾರೂ ಶ್ರಮಪಡಲಿಲ್ಲ. ಅದು ಹೋಯಿತು.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ನಮ್ಮ ತಾಯಿಯವರು ಕೊನೆಯ ನಾಲ್ಕು ವರ್ಷ ಈ ಮಹಾನಗರದಲ್ಲಿ ನಮ್ಮೊಡನೆ ಇದ್ದರು. ಮಧ್ಯಾಹ್ನದ ಹೊತ್ತು ಅವರು ಹೇಳುತ್ತಿದ್ದ ಆರತಿಯ ಹಾಡುಗಳನ್ನು ಮಗಳು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು. ಅವಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು; ಬರೆದದ್ದು ನಾಗರಿಯಲ್ಲಿ. ಒಂದು ಭಾನುವಾರ ನಾವು ಅದನ್ನು ಕೈಗೆತ್ತಿಕೊಂಡು, ಕಛೇರಿಯ ಟಿಪ್ಪಣಿ ತಿದ್ದುವವರಂತೆ ಕೆಂಪು ಶಾಯಿಯಲ್ಲಿ ತಿದ್ದಿದೆವು. ‘ಲಕುಮಿ’ ಇದ್ದಲ್ಲಿ ‘ಲಕ್ಷ್ಮಿ’ ಮಾಡಿದೆವು, ‘ಬರುಮ’ ಇದ್ದಲ್ಲಿ ‘ಬ್ರಹ್ಮ’ ಮಾಡಿದೆವು. ನಮಗೆ ಅರ್ಥವಾಗದ ಊರಿನ ಮಾತುಗಳು ಮಗಳ ಕೇಳ್ವಿಯ ತಪ್ಪೆಂದು ಎಣಿಸಿ, ಬಲ್ಲ ಮಾತುಗಳನ್ನು ಅವುಗಳ ಮೇಲೆಯೇ ದಪ್ಪಗೆ ಬರೆದೆವು.

ತಾಯಿಯವರು ತೀರಿಕೊಂಡ ವರ್ಷದ ಮೇಲೆ ಗೌರಿ ಹಬ್ಬದಂದು ಮಗಳು ಆ ಪುಸ್ತಕ ಹಿಡಿದು ಹಾಡಲು ಕುಳಿತಳು. ಮಟ್ಟು ಕೂಡಲಿಲ್ಲ. ಮೂರು ಅಕ್ಷರ ಎಳೆಯುವಲ್ಲಿ ಎರಡೇ ಇದ್ದವು. “ಅಜ್ಜಿ ಹೀಗೆ ಹಾಡುತ್ತಿರಲಿಲ್ಲ” ಎಂದಳು. ‘ಲಕುಮಿ’ಯನ್ನು ನೆನಪಿನಿಂದ ಮರಳಿ ತಂದಳು. ಆದರೆ ನಾವು ದಪ್ಪಗೆ ಬರೆದ ಕಡೆ ಕೆಳಗೆ ಏನಿತ್ತೆಂಬುದು ಅವಳಿಗೂ ನೆನಪಿರಲಿಲ್ಲ. ದೀಪಕ್ಕೆ ಹಿಡಿದು ನೋಡಿದರೂ ಕಾಣಲಿಲ್ಲ. ಕೇಳೋಣವೆಂದರೆ ಹೇಳುವವರೇ ಇಲ್ಲ.

ಐಸ್‌ಲೆಂಡಿನ ಕವಿಗಳ ಹಳೆಯ ಪದ್ಯಗಳು ಹೆಚ್ಚು ಕೆಡದೆ ಉಳಿದದ್ದಕ್ಕೆ ಅವುಗಳ ಛಂದಸ್ಸಿನ ಬಿಗಿಯೇ ಕಾರಣವೆಂದು ಪಂಡಿತರು ಹೇಳುತ್ತಾರೆ. ಒಂದು ಮಾತು ಬದಲಿಸಿದರೆ ಪದ್ಯ ಕುಂಟುತ್ತದೆ. ಆ ಮಾತಿನ ಅರ್ಥ ನಮಗೆ ತಿಳಿದದ್ದು ಅಂದು. ನಾವು ತಾಯಿಯ ಮೇಲಿನ ಪ್ರೀತಿಯಿಂದಲೇ ತಿದ್ದಿದವರು, ಸ್ನೋರಿಯೂ ಕಾವ್ಯದ ಮೇಲಿನ ಪ್ರೀತಿಯಿಂದಲೇ ಬರೆದವನು. ಅವನು ಒಂದು ವಿಷಯದಲ್ಲಿ ನಮಗಿಂತ ಮೇಲು: ತಾನು ನಂಬದ್ದನ್ನು ತಿಳಿಸಿ ಹೇಳಿದ, ಹಳೆಯ ಪದ್ಯಗಳನ್ನು ತನ್ನ ಗದ್ಯದ ನಡುವೆ ಹಾಗೆಯೇ ಉದ್ಧರಿಸಿದ. ನಾವು ಅಸಲನ್ನೇ ಅಳಿಸಿದೆವು.

ಮಗಳ ಪ್ರಶ್ನೆಗೆ ಈಗ ಉತ್ತರ ಹೇಳಬಹುದೆಂದು ತೋರುತ್ತದೆ. ಕಥೆ ಮೊದಲು ಹೇಳಿದವರದೂ ಹೌದು, ಬರೆದವರದೂ ಹೌದು, ಇಂದು ಅದನ್ನು ಹಿಡಿದು ಬಾಳುವವರದೂ ಹೌದು. ಪ್ರಭಾವ ತಗಲಿದ ಮಾತ್ರಕ್ಕೆ ಅದು ಸುಳ್ಳಾಗದು. ಹೊಸದನ್ನು ಹಳೆಯದೆಂದು ಹೇಳಿದಾಗ ಸುಳ್ಳಾಗುತ್ತದೆ. ನಮ್ಮ ಕೈವಾಡವನ್ನು ಮುಚ್ಚಿಟ್ಟಾಗ ಸುಳ್ಳಾಗುತ್ತದೆ. ‘ಇದು ನಮ್ಮ ಕಾಲದಲ್ಲಿ ನಾವು ಸೇರಿಸಿದ್ದು’ ಎಂದು ಒಪ್ಪಿಕೊಂಡು ಪೂಜೆ ಮಾಡುವ ಐಸ್‌ಲೆಂಡಿನ ರೈತನಿಗೆ, ಸಾವಿರ ವರ್ಷದಿಂದ ಏನೂ ಕೆಟ್ಟಿಲ್ಲವೆಂದು ಹಟ ಹಿಡಿಯುವವನಿಗಿಂತ ಹೆಚ್ಚಿನ ಹಕ್ಕಿದೆ.

ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ಹಿರಿಯರ ಹಾಡು, ಕಥೆ, ಅಡಿಗೆಯ ಕ್ರಮ, ಹಬ್ಬದ ವಾಡಿಕೆಗಳನ್ನು ಬರೆದಿಟ್ಟುಕೊಳ್ಳುವವರು ಈಗ ಹಲವರಿದ್ದಾರೆ. ಬರೆಯಲಿ, ಯಾವ ಲಿಪಿಯಲ್ಲಾದರೂ ಬರೆಯಲಿ. ತಿದ್ದಬೇಕೆನಿಸಿದರೆ ಪಕ್ಕದಲ್ಲಿ ಬರೆಯಲಿ, ಮೇಲೆ ಬರೆಯದಿರಲಿ. ನಮ್ಮ ಮಗಳು ಈಗ ಹೊಸ ಪುಸ್ತಕದಲ್ಲಿ ಹಾಡುಗಳನ್ನು ಎತ್ತಿ ಬರೆಯುತ್ತಿದ್ದಾಳೆ. ಪ್ರತಿ ಪುಟದಲ್ಲೂ ಒಂದು ಗೆರೆ ಎಳೆದು, ಎಡಗಡೆ ‘ಅಜ್ಜಿ ಹೇಳಿದ್ದು’, ಬಲಗಡೆ ‘ಅಪ್ಪ ತಿದ್ದಿದ್ದು’ ಎಂದು ತಲೆಬರಹ ಕೊಟ್ಟಿದ್ದಾಳೆ. ಎಡಗಡೆ ಆರು ಕಡೆ ಖಾಲಿ ಬಿಟ್ಟಿದೆ.